ಗಾಲಿಯ ಮನೆಗೊಂದು ಅಟ್ಟ

ನನ್ನ ತಂಗಿಯ ಮಗಳು ರತ್ನ ಮೊನ್ನೆ ಗಂಡನ ಜೊತೆ ಬಂದಿದ್ದಳು. ಗಂಡ ಹೆಂಡತಿ ಇಬ್ಬರೂ ಮೇಷ್ಟರು, ಬರುವ ವರ್ಷ ಸ್ವಯಂ ನಿವೃತ್ತಿ ತೆಗೆದುಕೊಳ್ಳುತ್ತಾರೆ. ಕಾಫಿ ಲೋಟ ಕೆಳಗಿಡುವ ಮೊದಲೇ ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒಂದು ವ್ಯಾನು ತೋರಿಸಿದಳು. ಅದರೊಳಗೆ ಮಂಚವಿತ್ತು, ಒಲೆಯಿತ್ತು, ಕಿಟಕಿಗೆ ಹೂವಿನ ಪರದೆ ಇತ್ತು. "ದೊಡ್ಡಮ್ಮ, ಮನೆ ಬಾಡಿಗೆಗೆ ಕೊಟ್ಟು ನಾವೂ ಹಿಂಗೇ ಒಂದು ಗಾಡಿ ಮಾಡ್ಕೊಂಡು ಹೊರಟುಬಿಡ್ತೀವಿ. ಅದ್ರಲ್ಲೇ ಇರೋದು, ಅದ್ರಲ್ಲೇ ಊರು ಸುತ್ತೋದು. ನೀನು ಇದ್ದೋಳಲ್ವಾ ಅಂಥದ್ರಲ್ಲಿ, ಏನಾದ್ರೂ ಬುದ್ಧಿ ಹೇಳು" ಎಂದಳು.

"ಹೊರಡೋ ಮುಂಚೆ ಒಳಗೆ ಯಾರವ್ರೆ ಅಂತ ನೋಡ್ಕೊಳ್ಳಿ" ಎಂದೆ. ಇಬ್ಬರೂ ನಕ್ಕರು. ಅವರ ಗಾಡಿಯಲ್ಲಿ ಎಲ್ಲರೂ ಒಳಗೇ ಕೂತು ಹೋಗುವುದು ತಾನೆ? ನಾನೂ ನಕ್ಕೆ. ನಮ್ಮ ಗಾಲಿಯ ಮನೆ ಒಂದು ದಿನ ಏರಿನಲ್ಲಿ ಕಳಚಿಕೊಂಡು ಹಿಂದಕ್ಕೆ ಓಡಿದಾಗ ಅದರೊಳಗೆ ನನ್ನ ಒಂಬತ್ತು ತಿಂಗಳ ಮಗಳಿದ್ದಳು. ಅವಳನ್ನು ಅಲ್ಲಿ ಮಲಗಿಸಿದವಳು ನಾನು, ಒಳಗೆ ಯಾರೂ ಇಲ್ಲ ಎಂದವಳೂ ನಾನೇ. ಇದನ್ನು ಕಾಫಿ ಕುಡಿಯುತ್ತಾ ಹೇಳುವುದಕ್ಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ರತ್ನ ಓದಿದರೆ ಓದಲಿ.

ನನ್ನ ಗಂಡ ರೋಡ್ ರೋಲರ್ ಡ್ರೈವರ್. ಎಪ್ಪತ್ತರ ದಶಕದಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತ ಎಲ್ಲೆಲ್ಲಿ ಜಲ್ಲಿ ಸುರಿದು ರಸ್ತೆ ಮಾಡುತ್ತಿದ್ದರೋ ಅಲ್ಲೆಲ್ಲ ಕಂಟ್ರಾಕ್ಟರರ ರೋಲರ್ ಹೋಗುತ್ತಿತ್ತು, ಅದರ ಬಾಲ ಹಿಡಿದು ನಾವು. ಹೆಣ್ಣು ಕೇಳಲು ಬಂದಾಗ ನಮ್ಮಜ್ಜಿ, "ಹುಡುಗುಂಗೆ ಮನೆ ಐತೇನಪ್ಪ?" ಎಂದು ಕೇಳಿದ್ದಳಂತೆ. ಮದುವೆ ಕುದುರಿಸಲು ಬಂದಿದ್ದ ಮಹಾರಾಯ, "ಐತೆ ಕಣವ್ವ, ಯಾವ ಊರಿಗೆ ಹೋದ್ರೂ ಐತೆ" ಎಂದ. ಅಜ್ಜಿ ದೊಡ್ಡ ಆಸ್ತಿವಂತರ ಸಂಬಂಧ ಎಂದುಕೊಂಡು ತಾಂಬೂಲ ಬದಲಾಯಿಸಿಬಿಟ್ಟಳು.

ಆ ಮನೆಯನ್ನು ಕೂಲಿಯವರು ಡಬ್ಬ ಎನ್ನುತ್ತಿದ್ದರು. ಹತ್ತಡಿ ಉದ್ದ, ಆರಡಿ ಅಗಲ, ನಾಲ್ಕೂ ಕಡೆ ತಗಡು, ಕೆಳಗೆ ಹಳೇ ಲಾರಿಯ ಎರಡು ಗಾಲಿ. ಮುಂದೆ ಎತ್ತಿನ ಗಾಡಿಗಿರುವಂಥ ಉದ್ದನೆಯ ಮೂಕಿ, ಇದು ಮಾತ್ರ ಕಬ್ಬಿಣದ್ದು. ಮೂಕಿಯ ಬುಡದಲ್ಲಿ ನೀರಿನ ಡ್ರಮ್ಮು. ಮೂಕಿಯ ತುದಿಯಲ್ಲಿದ್ದ ಬಳೆಯನ್ನು ರೋಲರ್ ಹಿಂದಿನ ಕೊಂಡಿಗೆ ಕೂರಿಸಿ, ಮೇಲಿನಿಂದ ಒಂದು ದಪ್ಪ ಪಿನ್ನು ಇಳಿಬಿಟ್ಟು, ಅದು ಎದ್ದು ಬರದ ಹಾಗೆ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದರೆ ಮನೆ ಪ್ರಯಾಣಕ್ಕೆ ಸಿದ್ಧ. ನಮ್ಮ ವೇಗವನ್ನು ಕೇಳಬೇಡಿ. ದಾರಿಯಲ್ಲಿ ಮೇಯುತ್ತಾ ಹೋಗುವ ಎಮ್ಮೆಗಳು ನಮ್ಮನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡುತ್ತಿದ್ದವು.

ರತ್ನ ಕೇಳಿದ ಬುದ್ಧಿಮಾತಿಗೆ ಬರೋಣ. ಗಾಡಿ ನಿಂತ ಕೂಡಲೇ ಒಲೆ ಹಚ್ಚಬೇಡಿ, ಗಾಲಿಗೆ ಕಲ್ಲು ಕೊಡಿ. ಆಮೇಲೆ ಲೋಟದ ತುಂಬ ನೀರು ತುಂಬಿ ನೆಲದ ಮೇಲಿಟ್ಟು, ನೀರು ಯಾವ ಕಡೆ ಚೆಲ್ಲುತ್ತದೆ ನೋಡಿ ಆ ಕಡೆಗೆ ಇನ್ನೊಂದು ಚಪ್ಪಡಿ ಕೊಡಿ. ಇಲ್ಲದಿದ್ದರೆ ರಾತ್ರಿಯೆಲ್ಲ ಗಂಡನ ಮೇಲೆ ಉರುಳುತ್ತಿರುತ್ತೀರಿ, ಹೊಸ ಮದುವೆಯಲ್ಲಿ ಪರವಾಗಿಲ್ಲ, ನಿವೃತ್ತಿಯಾದ ಮೇಲೆ ಸೊಂಟಕ್ಕೆ ಕಷ್ಟ. ತೆಂಗಿನ ಮರದ ಕೆಳಗೆ ನೆರಳು ಚೆನ್ನಾಗಿದೆ ಎಂದು ಗಾಡಿ ನಿಲ್ಲಿಸುವವರು ನಮ್ಮ ಸೀಮೆಯವರಲ್ಲ. ಒಣಗಿದ ಮಟ್ಟೆಯೊಂದು ತಗಡಿನ ಮೇಲೆ ಬಿದ್ದರೆ ಮೂರು ದಿನ ಕಿವಿ ಗುಂಯ್‌ಗುಡುತ್ತದೆ. ಊರಿನ ಗೌಡರನ್ನು ನಿಧಾನವಾಗಿ ಪರಿಚಯ ಮಾಡಿಕೊಳ್ಳಿ, ಬಾವಿ ಇರುವ ಮನೆಯ ಹೆಂಗಸನ್ನು ಮೊದಲು ಮಾತಾಡಿಸಿ. ಅವಳ ಕೂಸಿಗೆ ಕೆಮ್ಮು ಇದೆಯಾ ಕೇಳಿ, ಅವಳ ಅತ್ತೆಯ ಬಗ್ಗೆ ಅವಳು ಹೇಳುವುದಕ್ಕೆ ಹೂಂಗುಟ್ಟಿ. ನೀರಿಗೆ ಮೋಸವಿಲ್ಲ.

ಇಡುವ ಸಾಮಾನಿಗಿಂತ ನೇತುಹಾಕುವ ಸಾಮಾನು ಒಳ್ಳೆಯದು ಎಂಬುದು ಇನ್ನೊಂದು. ಇಟ್ಟದ್ದೆಲ್ಲ ಬೀಳುತ್ತದೆ. ಉಪ್ಪಿನ ಗಡಿಗೆ, ಸೀಮೆಎಣ್ಣೆ ಬುಡ್ಡಿ, ದೇವರ ಪಟ, ಎಲ್ಲವನ್ನೂ ನಾನು ಸೂರಿನ ಕಬ್ಬಿಣಕ್ಕೆ ತೂಗುಹಾಕಿದ್ದೆ. ಗಾಡಿ ಹೊರಟಾಗ ಅವೆಲ್ಲ ಒಟ್ಟಿಗೆ ತಲೆಯಾಡಿಸುತ್ತಿದ್ದವು. ನಮ್ಮ ಮನೆಯಲ್ಲಿ ನನ್ನ ಮಾತಿಗೆ ತಲೆಯಾಡಿಸುತ್ತಿದ್ದುದು ಅವಷ್ಟೇ.

ಆದರೆ ಒಂದು ಕೊರತೆ ನನ್ನನ್ನು ಕಾಡುತ್ತಿತ್ತು. ಮಾಯಸಂದ್ರದ ಹತ್ತಿರದ ನನ್ನ ತವರಿನಲ್ಲಿ ಮನೆ ಎಂದರೆ ಅಟ್ಟ. ಕಿತ್ತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ಒಂದು ವರ್ಷ ಅದನ್ನು ಯಾರೂ ಅಲ್ಲಾಡಿಸುವಂತಿಲ್ಲ. ಕೆಳಗಿನ ಒಲೆಯ ಹೊಗೆಗೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗ ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಹೆಣ್ಣು ಕೊಡುವವರು ತರುವವರು ಮೊದಲು ಕತ್ತೆತ್ತಿ ಅಟ್ಟ ನೋಡುತ್ತಿದ್ದರು. ನಮ್ಮವ್ವ ನನ್ನ ಅರಿಶಿನ ಕುಂಕುಮಕ್ಕೆಂದು ತೋಟದಲ್ಲಿ ಎರಡು ಮರ ಬಿಟ್ಟುಕೊಟ್ಟಿದ್ದಳು. ಅದರ ಕಾಯಿ ನನ್ನದು. ಮರವಿದೆ, ಕಾಯಿಯಿದೆ, ಅಟ್ಟವಿಲ್ಲ.

ಅವ್ವ ಮೊದಲ ಸಲ ಡಬ್ಬ ನೋಡಲು ಬಂದವಳು ಒಳಗೆ ಕೂತು, ಸುತ್ತ ನೋಡಿ, "ಎಲ್ಲಾ ಅಚ್ಚುಕಟ್ಟಾಗೈತೆ ಕಣೇ. ಆದ್ರೆ ಅಟ್ಟ ಇಲ್ದಿದ್ಮೇಲೆ ಇದೇನು ಮನೆಯೋ, ಸಂತೆ ಅಂಗಡಿಯೋ" ಎಂದಳು. ಆ ಮಾತು ನನಗೆ ಊಟ ಸೇರದ ಹಾಗೆ ಮಾಡಿತು. ಗಂಡನನ್ನು ಕಾಡಿದೆ. ಕೊನೆಗೆ ಅವರೂ, ರೋಲರ್ ಹಿಂದೆ ಕೆಂಪು ಬಾವುಟ ಹಿಡಿದು ನಡೆಯುವ ಕರಿಯಣ್ಣನೂ ಸೇರಿ ಡಬ್ಬದ ಹಿಂಭಾಗದಲ್ಲಿ ಬಿದಿರಿನ ಗಳಗಳನ್ನು ಕಟ್ಟಿ ಒಂದು ಅಟ್ಟ ಮಾಡಿಕೊಟ್ಟರು. ಕರಿಯಣ್ಣ ಅರವತ್ತು ದಾಟಿದವನು, ನಮಗಿಬ್ಬರಿಗೂ ಹಿರಿಯ. "ನಲವತ್ತು ಕಾಯಿ, ಅದ್ರ ಮೇಲೆ ಒಂದೂ ಬ್ಯಾಡ. ಹಿಂಭಾರ ಆಯ್ತದೆ" ಎಂದರು ನನ್ನ ಗಂಡ.

ಹಿಂಭಾರವೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪ ತಿಪಟೂರಿಗೆ ಕೊಬ್ಬರಿ ಮೂಟೆ ಹೇರಿಕೊಂಡು ಹೊರಟರೆ ನನ್ನನ್ನು ಗಾಡಿಯ ಮುಂದುಗಡೆ ಕೂರಿಸುತ್ತಿದ್ದ. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು, ನೊಗದ ಹಗ್ಗ ಎತ್ತುಗಳ ಕೊರಳು ಹಿಸುಕುತ್ತದೆ. "ನೀನು ನನ್ ಮಗಳಲ್ಲ ಕಣೇ, ನಮ್ ಗಾಡಿ ತೂಕದ ಕಲ್ಲು" ಎಂದು ಅಪ್ಪ ರೇಗಿಸುತ್ತಿದ್ದ. ಏರು ಬಂದಾಗ ನಾನು ಇನ್ನಷ್ಟು ಮುಂದೆ ಸರಿದು, ಎತ್ತಿನ ಬಾಲ ಮುಖಕ್ಕೆ ಬಡಿಸಿಕೊಳ್ಳುತ್ತಾ ಕೂರುತ್ತಿದ್ದೆ. ಇಷ್ಟು ತಿಳಿದವಳು, ಅವ್ವ ಕಳಿಸಿದ ಕಾಯಿ ಬಂದ ಹಾಗೆಲ್ಲ ಅಟ್ಟಕ್ಕೆ ಏರಿಸಿದೆ. ನಲವತ್ತು ಅರವತ್ತಾಯಿತು, ಅರವತ್ತು ನೂರಾಯಿತು. ಮುಂದೆ ಒಂದು ಹಳೇ ಸೀರೆ ಪರದೆ ಬಿಟ್ಟೆ. ಯಾರಾದರೂ ನೆಂಟರು ಬಂದರೆ ಪರದೆ ಸರಿಸಿ ತೋರಿಸುವುದು, ಗಂಡ ಬರುವ ಹೊತ್ತಿಗೆ ಎಳೆಯುವುದು. ತಿರುಗಾಡುವ ಅಟ್ಟದಲ್ಲಿ ಕೊಬ್ಬರಿಯಾಗುತ್ತದೆಯೇ ಎಂದು ಕರಿಯಣ್ಣ ನಗುತ್ತಿದ್ದ. ನಾನು ಮಾತ್ರ ವರ್ಷ ತುಂಬುವುದನ್ನು ಕಾಯುತ್ತಿದ್ದೆ.

ಅಷ್ಟರಲ್ಲಿ ಸುಶೀಲ ಹುಟ್ಟಿದಳು. ಬಾಣಂತನ ಮುಗಿಸಿಕೊಂಡು ಐದು ತಿಂಗಳ ಕೂಸಿನೊಂದಿಗೆ ಡಬ್ಬಕ್ಕೆ ಬಂದೆ. ಸೂರಿನ ನಡುಕಬ್ಬಿಣಕ್ಕೆ ಸೀರೆಯ ಜೋಲಿ ಕಟ್ಟಿದೆ. ನನ್ನ ಗಂಡನಿಗೆ ಒಂದೇ ಒಂದು ಕಟ್ಟುನಿಟ್ಟು ಇತ್ತು. ಡಬ್ಬ ಎಳೆಯುವಾಗ ಒಳಗೆ ಯಾರೂ ಇರಕೂಡದು. "ನಿಂತಾಗ ಮನೆ, ಹೊರಟಾಗ ಸಾಮಾನು ಕಣೇ" ಎನ್ನುತ್ತಿದ್ದರು. ಪ್ರತಿ ಸಲ ರೋಲರ್ ಏರುವ ಮುಂಚೆ ನನ್ನ ಕಡೆ ತಿರುಗಿ, "ಒಳಗ್ಯಾರೂ ಇಲ್ಲ ತಾನೆ?" ಎಂದು ಕೇಳುವರು. ನಾನು "ಇಲ್ಲ" ಎಂದ ಮೇಲೆಯೇ ಎಂಜಿನ್ ಹೊರಡುತ್ತಿತ್ತು. ನಾನು ಕೂಸನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆಯ ಬದಿಯಲ್ಲಿ ನಡೆಯುತ್ತಿದ್ದೆ.

ಆ ದಿನ ಚಿಕ್ಕನಾಯಕನಹಳ್ಳಿ ಕಡೆಯ ಹೊಸ ಕೆಲಸಕ್ಕೆ ಹೊರಟಿದ್ದೆವು. ಬೇಸಿಗೆ. ಸುಶೀಲಳಿಗೆ ಹಲ್ಲು ಬರುವ ಜ್ವರ, ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ, ನನ್ನನ್ನೂ ಮುಚ್ಚಗೊಟ್ಟಿರಲಿಲ್ಲ. ಬೆಳಿಗ್ಗೆ ಅವಳ ಬಟ್ಟೆಗಳನ್ನೆಲ್ಲ ಒಗೆದು ಡ್ರಮ್ಮಿನ ನೀರು ಮುಗಿಸಿದೆ. ತಳದಲ್ಲಿ ಉಳಿದದ್ದನ್ನೂ ಚೆಲ್ಲಿದೆ. ಮುಂದೆ ಏರು ರಸ್ತೆ ಇದೆ, ರೋಲರ್‌ಗೆ ಭಾರ ಕಡಿಮೆಯಾಗಲಿ ಎಂಬುದು ನನ್ನ ಜಾಣತನ. ಹಿಂದಿನ ಕಾಯಿಗೆ ಸರಿಸಮ ತೂಗುತ್ತಿದ್ದುದು ಮುಂದಿನ ಆ ನೀರೇ ಎಂಬುದು, ಗಾಡಿಯ ತೂಕದ ಕಲ್ಲಾಗಿ ಬೆಳೆದ ನನ್ನ ತಲೆಗೆ ಹೊಳೆಯಲಿಲ್ಲ.

ಹೊರಡುವ ಹೊತ್ತಿಗೆ ಸರಿಯಾಗಿ ಕೂಸು ಜೋಲಿಯಲ್ಲಿ ನಿದ್ದೆ ಹೋಯಿತು. ಕೈ ಹಾಕಿದರೆ ಎಚ್ಚರವಾಗುತ್ತದೆ. ಹೊರಗೆ ಬೆಂಕಿಯಂಥ ಬಿಸಿಲು. ಅರ್ಧ ಗಂಟೆ ಮಲಗಲಿ, ಆಮೇಲೆ ಎತ್ತಿಕೊಂಡರಾಯಿತು ಎಂದುಕೊಂಡು ಬಾಗಿಲು ಮುಂದೆ ಮಾಡಿ ಕೆಳಗಿಳಿದೆ. ಹೆಗಲ ಮೇಲೆ ಒದ್ದೆ ಬಟ್ಟೆಗಳನ್ನು ಹಾಕಿಕೊಂಡು ಸೆರಗು ಹೊದ್ದಿದ್ದೆ. ದೂರದಿಂದ ನೋಡಿದವರಿಗೆ ಕೂಸು ಎತ್ತಿಕೊಂಡ ಹಾಗೇ ಕಾಣುತ್ತಿದ್ದೆ. ಬೇಕೆಂದೇ ಹಾಗೆ ಮಾಡಿದೆನೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೌದು, ಬೇಕೆಂದೇ.

"ಒಳಗ್ಯಾರೂ ಇಲ್ಲ ತಾನೆ?"

"ಇಲ್ಲ" ಎಂದೆ.

ಅರ್ಧ ಗಂಟೆ ಆಯಿತು. ಎಂಜಿನ್ನಿನ ಸದ್ದಿಗೆ ಅವಳು ಅತ್ತರೂ ಕೇಳಿಸುವುದಿಲ್ಲ. ನಿಲ್ಲಿಸಿ ಎಂದು ಕೂಗಿದರೆ ಸುಳ್ಳು ಹೊರಬೀಳುತ್ತದೆ. ಏರು ಮುಗಿದ ಮೇಲೆ ರೋಲರ್‌ಗೆ ನೀರು ಹಾಕಲು ಹೇಗೂ ನಿಲ್ಲುತ್ತಾರೆ, ಆಗ ಯಾರಿಗೂ ಕಾಣದ ಹಾಗೆ ಎತ್ತಿಕೊಳ್ಳುತ್ತೇನೆ ಎಂದು ಹೆಜ್ಜೆಹೆಜ್ಜೆಗೂ ಅಂದುಕೊಳ್ಳುತ್ತಾ ನಡೆದೆ. ಏರು ಶುರುವಾಯಿತು. ಒಂದು ಕಡೆ ಕುರುಚಲು ಗುಡ್ಡ, ಇನ್ನೊಂದು ಕಡೆ ಆಳವಾದ ಹಳ್ಳ. ನನ್ನ ಕಣ್ಣು ಮೂಕಿಯ ಮೇಲೆ ಬಿತ್ತು. ಪ್ರತಿ ಕುಲುಕಿಗೂ ಅದು ಮೇಲಕ್ಕೆ ಎದ್ದು ಎದ್ದು ಕೊಂಡಿಯನ್ನು ಜಗ್ಗುತ್ತಿತ್ತು. ಪಿನ್ನಿಗೆ ಕಟ್ಟಿದ ನಾರಿನ ಹಗ್ಗ ಸವೆದು ಒಂದೆಳೆ ಬಿಟ್ಟುಕೊಂಡಿತ್ತು. ಅಪ್ಪನ ಗಾಡಿಯ ಎತ್ತುಗಳು ಕೊರಳು ಬಿಗಿದು ಕೆಮ್ಮುತ್ತಿದ್ದುದು ನೆನಪಾಯಿತು.

"ನಿಲ್ಸಿ" ಎಂದು ಕೂಗಿದೆ. ಎಂಜಿನ್ನಿನ ಸದ್ದಿನಲ್ಲಿ ನನಗೇ ನನ್ನ ದನಿ ಕೇಳಿಸಲಿಲ್ಲ. ಬಟ್ಟೆಗಳನ್ನು ಎಸೆದು ರೋಲರ್ ಕಡೆ ಓಡಿದೆ. ನಾನು ಮೂಕಿಯ ಹತ್ತಿರ ಬರುವುದಕ್ಕೂ ಹಗ್ಗ ಹರಿಯುವುದಕ್ಕೂ ಸರಿಹೋಯಿತು. ಪಿನ್ನು ಎಗರಿತು. ಮೂಕಿ ಆಕಾಶಕ್ಕೆ ಎದ್ದು ನಿಂತಿತು, ಡಬ್ಬದ ಹಿಂಭಾಗ ರಸ್ತೆಗೆ ಕುಸಿಯಿತು, ಹಾಗೆ ಕುಸಿದ ಮೇಲೂ ಅದು ಇಳಿಜಾರಿನಲ್ಲಿ ಹಿಂದಕ್ಕೆ ಜಾರತೊಡಗಿತು. ತಗಡು ಜಲ್ಲಿಗೆ ಉಜ್ಜುವ ಸದ್ದು ಈಗಲೂ ನನ್ನ ಹಲ್ಲಿನಲ್ಲಿದೆ.

ಹಿಂದೆ ಬರುತ್ತಿದ್ದ ಕರಿಯಣ್ಣ ಬಾವುಟ ಬಿಸಾಡಿ ಪಕ್ಕಕ್ಕೆ ಹಾರಿದ. ನಾನು ಡಬ್ಬದ ಹಿಂದೆ ಓಡುವುದನ್ನು ನೋಡಿ ಬಂದು ನನ್ನ ಸೊಂಟ ಹಿಡಿದುಕೊಂಡ. "ಬುಡವ್ವ, ಹೋದ್ರೆ ಹೋಗ್ಲಿ ಬುಡು. ತಗಡು ತಾನೆ. ಅಡ್ಡ ಹೋಗ್ಬ್ಯಾಡ" ಎನ್ನುತ್ತಿದ್ದಾನೆ. ನನಗೆ ಮಾತೇ ಹೊರಡುತ್ತಿಲ್ಲ. ಅವನ ಮುಂಗೈ ಕಚ್ಚಿದೆ. ರಕ್ತದ ರುಚಿ ಬಾಯಿಗೆ ಬಂದ ಮೇಲೆ ಮಾತು ಬಂತು. "ಕೂಸು ಐತೆ ಒಳಗೆ" ಎಂದೆ. ಕರಿಯಣ್ಣನ ಹಿಡಿತ ಸಡಿಲಾಯಿತು. ಆಮೇಲೆ ಅವನು ನನಗಿಂತ ಮುಂದೆ ಓಡುತ್ತಿದ್ದ.

ಡಬ್ಬ ಓರೆಯಾಗಿ ಹಳ್ಳದ ಕಡೆಗೆ ತಿರುಗಿತು. ಹಿಂದಿನ ತಗಡು ಬಿರಿದು ಅಟ್ಟದ ಕಾಯಿಗಳು ಒಂದೊಂದಾಗಿ, ಆಮೇಲೆ ಒಟ್ಟೊಟ್ಟಿಗೆ ಹೊರಗೆ ಉರುಳಿದವು. ಕೆಳಗಿನಿಂದ ಏರು ಹತ್ತಿ ಬರುತ್ತಿದ್ದ ಬಸ್ಸೊಂದು ಉರುಳಿ ಬರುವ ಕಾಯಿಗಳನ್ನು ನೋಡಿ ದೂರದಲ್ಲೇ ನಿಂತಿತು. ರಸ್ತೆಯಂಚಿನ ಮಣ್ಣಿಗೆ ಡಬ್ಬದ ಹಿಂಬದಿ ನೆಟ್ಟುಕೊಂಡಿತು. ಒಂದು ಗಾಲಿ ಹಳ್ಳದ ಮೇಲೆ ಗಾಳಿಯಲ್ಲಿ ತಿರುಗುತ್ತಾ ಇತ್ತು. ಕರಿಯಣ್ಣ ಇನ್ನೊಂದು ಗಾಲಿಗೆ ಕಲ್ಲು ಕೊಟ್ಟು, ಮೂಕಿಗೆ ಜೋತುಬಿದ್ದು, "ಹತ್ತವ್ವ, ನಾನು ಹಿಡಿದಿವ್ನಿ, ಮೆಲ್ಲಗೆ ಹತ್ತು" ಎಂದ.

ಬಾಗಿಲು ತೆಗೆದೆ. ನೆಲ ಗೋಡೆಯಂತಾಗಿತ್ತು. ಒಲೆ, ಪೆಟ್ಟಿಗೆ, ಪಾತ್ರೆ ಎಲ್ಲ ಹಿಂದಿನ ಮೂಲೆಯಲ್ಲಿ ರಾಶಿ ಬಿದ್ದಿದ್ದವು, ಅದರ ಮೇಲೆ ಅಟ್ಟದ ಬಿದಿರಿನ ಗಳಗಳು. ನಡುವೆ ಜೋಲಿ ನೆಟ್ಟಗೆ ತೂಗುಬಿದ್ದಿತ್ತು. ಸೀರೆಯ ಮಡಿಕೆ ಅಲ್ಲಾಡುತ್ತಿರಲಿಲ್ಲ. ಅದನ್ನು ಬಿಡಿಸಿ ನೋಡುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಒಳಗಿನಿಂದ ಒಂದು ಕೈ ಬಂದು ಸೀರೆಯ ಅಂಚು ಹಿಡಿದುಕೊಂಡಿತು. ಸುಶೀಲ ಎಚ್ಚರವಾಗಿದ್ದಳು. ಅಳುತ್ತಿರಲಿಲ್ಲ, ನನ್ನನ್ನು ನೋಡಿ ಬಾಯಿಗೆ ಬೆರಳಿಟ್ಟುಕೊಂಡಳು.

ಏರಿನಲ್ಲಿ ನಿಂತ ರೋಲರನ್ನು ಡ್ರೈವರ್ ಹಾಗೇ ಬಿಟ್ಟು ಬರುವಂತಿಲ್ಲ. ನನ್ನ ಗಂಡ ಅದರ ಚಕ್ರಗಳಿಗೆಲ್ಲ ಕಲ್ಲು ಕೊಟ್ಟು, ಕೈ ಒರೆಸಿಕೊಳ್ಳುತ್ತಾ ನಿಧಾನವಾಗಿ ಇಳಿದು ಬರುತ್ತಿದ್ದರು. ಖಾಲಿ ಡಬ್ಬ ತಾನೆ, ಏನು ಅವಸರ? ನಾನು ಕೂಸನ್ನು ಎದೆಗೆ ಒತ್ತಿಕೊಂಡು ಬಾಗಿಲಿಂದ ಇಳಿಯುವುದನ್ನು ಅವರು ನೋಡಿದರು. ಇದ್ದಲ್ಲೇ ನಿಂತರು. ಆಮೇಲೆ ರಸ್ತೆಯ ಮೇಲೆ ಕೂತುಬಿಟ್ಟರು. ನಾನೇ ಹತ್ತಿರ ಹೋದೆ. ಕೂಸನ್ನು ತೆಗೆದುಕೊಂಡು ತಲೆ, ಕೈ, ಬೆರಳು, ಕಾಲು ಎಲ್ಲ ಒಂದೊಂದಾಗಿ ಮುಟ್ಟಿ ನೋಡಿದರು. ಬೈದರೆ ಸಾಕು ಎಂದು ನಾನು ಕಾಯುತ್ತಿದ್ದೆ.

ಬಸ್ಸಿನವರೆಲ್ಲ ಇಳಿದು ಬಂದರು. ತೆಂಗಿನ ಸೀಮೆಯ ಜನ, ಚೆಲ್ಲಿದ ಕಾಯಿ ನೋಡಿ ಸುಮ್ಮನಿರುವವರಲ್ಲ, ಒಂದನ್ನೂ ಕದಿಯುವವರೂ ಅಲ್ಲ. ಹಳ್ಳಕ್ಕೆ ಇಳಿದು ಆರಿಸಿ ತಂದು ರಸ್ತೆಯ ಬದಿಗೆ ಗುಡ್ಡೆ ಹಾಕಿದರು. ಒಬ್ಬ ಮುದುಕಿ ಒಂದು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, "ಇವು ಇನ್ನೂ ಆಗಿಲ್ಲ ಕಣವ್ವ, ನೀರೈತೆ. ಇನ್ನೆರಡು ತಿಂಗಳು ಬುಡಬೇಕಾಗಿತ್ತು" ಎಂದು ನನಗೆ ಬುದ್ಧಿ ಹೇಳಿದಳು. ನಾನು ಹೂಂ ಎಂದೆ. ನನ್ನ ಗಂಡ ಆ ಗುಡ್ಡೆಯನ್ನು ನೋಡಿದರು. ನಲವತ್ತಕ್ಕಿಂತ ಎಷ್ಟು ಹೆಚ್ಚು ಎಂದು ಕೇಳಲೂ ಇಲ್ಲ.

ಒಂದು ವಾರವಾದ ಮೇಲೆ ಅವರು ಕಂಟ್ರಾಕ್ಟರರ ಹತ್ತಿರ ಹೋಗಿ, ಬೆನ್ನುನೋವು, ಇನ್ನು ರೋಲರ್ ಮೇಲೆ ಕೂರಲು ಆಗುವುದಿಲ್ಲ ಎಂದು ಹೇಳಿ ಕೆಲಸ ಬಿಟ್ಟು ಬಂದರು. ತಿಪಟೂರಿನಲ್ಲಿ ಕೊಬ್ಬರಿ ಮಂಡಿಯೊಂದರ ಗೇಟಿನ ಕೆಲಸ ಹಿಡಿದು, ಹತ್ತಿರವೇ ಒಂದು ಕೋಣೆಯ ಮನೆ ಮಾಡಿದರು. ಅವರ ಬೆನ್ನಿಗೆ ಏನೂ ಆಗಿರಲಿಲ್ಲ. ರೋಲರ್ ಎಂದರೆ ಅವರಿಗೆ ಜೀವ. ಬೀದಿಯಲ್ಲಿ ಯಾವುದಾದರೂ ರೋಲರ್ ಹೋದರೆ ಅದು ಮರೆಯಾಗುವ ತನಕ ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಬೆನ್ನು ತೋರಿಸುತ್ತಿದ್ದರು. ನಿನ್ನ ಹೆಂಡತಿ ಏನು ಮಾಡಿದಳು ಎಂದು ಯಾರೂ ಕೇಳುವ ಹಾಗಿರಲಿಲ್ಲ. ಕರಿಯಣ್ಣನೂ ಮುಂಗೈ ಗಾಯಕ್ಕೆ ನಾಯಿಯ ಹೆಸರು ಹೇಳಿದ.

ನಮ್ಮತ್ತೆ ಊರಿನಿಂದ ಬಂದು ನಮ್ಮಲ್ಲೇ ಉಳಿದರು. ಮಗನ ಬೆನ್ನು ಹಾಳಾಯಿತಲ್ಲ ಎಂದು ಕೊರಗಿ, ಪ್ರತಿ ಶನಿವಾರ ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಕೊಡುವರು. ಹಿತ್ತಲಲ್ಲಿ ಮಣೆ ಹಾಕಿಕೊಂಡು ಇವರು ಕೂರುವರು, ನಾನು ಹಿಂದೆ ಕೂತು ತಿಕ್ಕುವೆ. "ಇನ್ನೂ ಕೆಳಗೆ ತಿಕ್ಕೇ, ಅಲ್ಲೇ ಅಲ್ವೇನಪ್ಪ ನೋವು?" ಎಂದು ಅತ್ತೆ ಪಕ್ಕದಲ್ಲಿ ನಿಂತು ಹೇಳುವರು. "ಹೂಂ ಕಣವ್ವ, ಅಲ್ಲೇ" ಎಂದು ಇವರು. ಎಂಟು ವರ್ಷ ನೋವಿಲ್ಲದ ಆ ಬೆನ್ನಿಗೆ ಎಣ್ಣೆ ತಿಕ್ಕಿದೆ. ಆ ಏರಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮಿಸಿ ಎಂಬ ಒಂದು ಮಾತು ಪ್ರತಿ ಶನಿವಾರ ನನ್ನ ಗಂಟಲ ತನಕ ಬಂದು, ಅತ್ತೆಯನ್ನು ನೋಡಿ ವಾಪಸು ಹೋಗುತ್ತಿತ್ತು.

ಅತ್ತೆ ತೀರಿಕೊಂಡರು. ತಿಥಿಯೆಲ್ಲ ಮುಗಿದು ನೆಂಟರು ಹೊರಟರು, ಸುಶೀಲ ಸ್ಕೂಲಿಗೆ ಹೋಗಿದ್ದಳು. ಅದು ಶನಿವಾರ. ಇನ್ನು ಎಣ್ಣೆ ಕಾಯಿಸುವವರಿಲ್ಲ, ನಂಬಿಸಬೇಕಾದವರೂ ಇಲ್ಲ. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಇವರು ಒಳಗಿನಿಂದ ತಾವೇ ಮಣೆ ತಂದು ಹಾಕಿಕೊಂಡು, ಅಂಗಿ ಬಿಚ್ಚಿ, ನನಗೆ ಬೆನ್ನು ಮಾಡಿ ಕೂತರು. ನಾನು ಕೈ ಒರೆಸಿಕೊಂಡು ಎಣ್ಣೆ ತಂದೆ. ಸ್ವಲ್ಪ ಹೊತ್ತು ತಿಕ್ಕಿದ ಮೇಲೆ, ಯಾಕೆ ಕೇಳಿದೆನೋ, "ನೋವು ಹೆಂಗೈತೆ?" ಎಂದೆ.

"ಈಗ ಪರವಾಗಿಲ್ಲ ಕಣೇ" ಎಂದರು. ಆಮೇಲೆ ತಿರುಗಿ ನೋಡದೆ, "ನಿಂಗೆ?" ಎಂದು ಕೇಳಿದರು.